ಮೇಸ್ತ್ರಿ ಓಡಿಹೋದರೂ ಕಂಪನಿ ಇದೆ

ಪತ್ರ: ಸೇಡಂ ರಸ್ತೆಯ ಬಳಿ ಕಟ್ಟುತ್ತಿರುವ ಮನೆಗಳ ಬಡಾವಣೆಯಲ್ಲಿ ನನ್ನ ತಾಯಿಯೂ ಸೇರಿ ನಮ್ಮ ತಾಂಡಾದ 22 ಜನ ಗಾರೆ, ಸೆಂಟ್ರಿಂಗ್ ಕೆಲಸ ಮಾಡಿದರು. ಐದು ವಾರದ ಕೂಲಿ ಕೊಡದೆ ಮೇಸ್ತ್ರಿ ನಾಪತ್ತೆಯಾಗಿದ್ದಾನೆ. ಕಂಪನಿಯವರು ‘ನೀವು ನಮ್ಮ ಆಳುಗಳಲ್ಲ’ ಎನ್ನುತ್ತಾರೆ. ಸರ್ಕಾರ ಇಂಥವರನ್ನು ಹಿಡಿಯುವುದಿಲ್ಲವೇ? (ಗಂಡಸರಷ್ಟೇ ಬುಟ್ಟಿ ಹೊತ್ತರೂ ಹೆಂಗಸರಿಗೆ ಕೂಲಿ ಕಡಿಮೆ.)
— ವಿದ್ಯಾರ್ಥಿ, ಕಮಲಾಪುರ ತಾಲ್ಲೂಕು

ಸಂಪಾದಕರ ಉತ್ತರ: ‘ನಮ್ಮ ಆಳುಗಳಲ್ಲ’ ಎಂಬ ಮಾತನ್ನು ಕಲಬುರಗಿಯಲ್ಲಿ ಎಷ್ಟು ಬಾರಿ ಕೇಳಿದ್ದೇನೋ! ಅದನ್ನು ಕೇಳಿ ತಾಂಡಾಗಳಿಗೆ ಬರಿಗೈಯಲ್ಲಿ ಮರಳಿದವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೆ ಕಾನೂನು ಆ ಮಾತನ್ನು ಒಪ್ಪುವುದಿಲ್ಲ. ಗುತ್ತಿಗೆದಾರ (ಇಲ್ಲಿ ಮೇಸ್ತ್ರಿ) ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ (ಇಲ್ಲಿ ಕಂಪನಿ) ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಆ ಹೊಣೆ ಉಳಿದಿದೆ. ಕೂಲಿ ಕೊಟ್ಟಿದ್ದೇವೆ ಎಂದು ಸಾಬೀತುಪಡಿಸಬೇಕಾದವರು ಮಾಲೀಕರೇ ಹೊರತು ನೀವಲ್ಲ. ದೂರು ಕೊಡಲು ಮೂರು ವರ್ಷ ಕಾಲಾವಕಾಶವಿದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ದೂರು ವಿಚಾರಿಸುವ ಅಧಿಕಾರಿಗೆ ಇದೆ.

ಹಾಗಿದ್ದರೆ ಸರ್ಕಾರ ಏಕೆ ಹಿಡಿಯುತ್ತಿಲ್ಲ? ಹಾಜರಿ ಪುಸ್ತಕದಲ್ಲಿ ನಿಮ್ಮವರ ಹೆಸರೇ ಇರುವುದಿಲ್ಲ, ಅದಕ್ಕೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು. ಅದಕ್ಕೆ ಸಹಿ ಹಾಕಲು ಕಂಪನಿಗಳು ಹಿಂಜರಿಯುತ್ತವೆ. ಸಹಿ ಹಾಕಿದರೆ, ಇವರು ನಮ್ಮಲ್ಲಿ ದುಡಿದರು ಎಂದು ಒಪ್ಪಿದಂತಾಯಿತಲ್ಲ! ಈ ಕಾರ್ಮಿಕರ ಕಲ್ಯಾಣಕ್ಕೆಂದೇ ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ ಕಟ್ಟಿಸಿಕೊಳ್ಳುವ ಸರ್ಕಾರ, ಆ ಕಟ್ಟಡವನ್ನು ಎಬ್ಬಿಸಿದವರು ಯಾರು ಎಂದೂ ಕೇಳಬೇಕು. ಸ್ಲ್ಯಾಬ್ ಕುಸಿದು ಯಾರಾದರೂ ಸತ್ತ ಮೇಲೆ ಅಧಿಕಾರಿಗಳು ಹಾಜರಿ ಪುಸ್ತಕ ಹುಡುಕುವುದನ್ನು ನಾನು ತಪಾಸಣೆ ಎಂದು ಕರೆಯಲಾರೆ.

ಈಗ ನೀವು ಮಾಡಬೇಕಾದದ್ದು. ವಾರದ ಖರ್ಚಿಗೆ ಮೇಸ್ತ್ರಿ ಮೊಬೈಲ್‌ನಲ್ಲಿ ಹಾಕಿದ ಹಣದ ವಿವರ, ಕೆಲಸದ ಜಾಗದ ಫೋಟೊ, ದಿನಕ್ಕೊಂದು ಗೀಟು ಹಾಕಿದ ಕ್ಯಾಲೆಂಡರ್, ಏನಿದ್ದರೂ ಒಟ್ಟುಮಾಡಿ. ದುಡಿದಿಲ್ಲ ಎಂದು ಕಂಪನಿ ವಾದಿಸಿದರೆ ಅವು ಬೇಕಾಗುತ್ತವೆ. 22 ಜನರೂ ಒಂದೇ ಅರ್ಜಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಮೇಸ್ತ್ರಿಯ ಜೊತೆ ಕಂಪನಿಯನ್ನೂ ಎದುರುದಾರರನ್ನಾಗಿ ಮಾಡಿ, ಜಿಲ್ಲಾ ಕಾರ್ಮಿಕ ಅಧಿಕಾರಿಗೆ ಕೊಡಿ. ಕಂಪನಿಯ ಹೆಸರನ್ನು ಬಿಟ್ಟರೆ ಅರ್ಜಿ ಮೇಸ್ತ್ರಿಯ ಬೆನ್ನು ಹತ್ತಿಯೇ ಸವೆಯುತ್ತದೆ.

ಆವರಣದೊಳಗೆ ಬರೆದ ಮಾತನ್ನು ಆವರಣದಿಂದ ಹೊರಗೆ ತನ್ನಿ. ಒಂದೇ ಕೆಲಸಕ್ಕೆ ಹೆಣ್ಣಿಗೆ ಕಡಿಮೆ ಕೂಲಿ ಕೊಡುವುದು 1976ರಿಂದಲೇ ಕಾನೂನುಬಾಹಿರ. ನಿಮ್ಮ ತಾಯಿಯ ಬಾಕಿಯನ್ನು ಗಂಡಸರ ದರದಲ್ಲೇ ಲೆಕ್ಕ ಹಾಕಿ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪಡೆದು, ಅದರ ಒಂದು ಪ್ರತಿಯನ್ನು ನಮಗೂ ಕಳುಹಿಸಿ.