ಆಫೀಸಿನ ಬಿಲ್ ಟೆಂಪ್ಲೇಟ್ ಹಳೆಯದಾಗದಂತೆ ನೋಡಿಕೊಳ್ಳುವುದು ಹೇಗೆ?

ಮೊದಲು ‘ಹಳೇ ಬಿಲ್ ತೆಗೆದು ಹೆಸರು ಬದಲಿಸಿ ಸೇವ್ ಆ್ಯಸ್’ ಮಾಡುವ ಚಾಳಿ ಬಿಡಿಸಿ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾಗಿ, ಶೇ 12ರಲ್ಲಿದ್ದ ಹೆಚ್ಚಿನ ಸರಕು ಶೇ 5ಕ್ಕೆ ಇಳಿದವು ಅಲ್ವಾ, ಆಮೇಲೂ ನಮ್ಮಲ್ಲೊಬ್ಬರು ಹೀಗೇ ಮಾಡಿ ಹಳೇ ದರದ ಬಿಲ್ ಕಳಿಸಿದ್ದರು. ಗಿರಾಕಿಯೇ ಫೋನ್ ಮಾಡಿ ಹೇಳಬೇಕಾಯಿತು!

ಈಗ ಒಂದೇ ಮೂಲ ಫೈಲ್ ಇದೆ, ಎಕ್ಸೆಲ್ ಟೆಂಪ್ಲೇಟ್ ಆಗಿ ಸೇವ್ ಮಾಡಿದ್ದು. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಹೊಸ ಕಾಪಿ ತೆರೆಯುತ್ತದೆ, ಮೂಲ ಹಾಗೇ ಉಳಿಯುತ್ತದೆ. ದರ, ಎಚ್‌ಎಸ್‌ಎನ್ ಕೋಡ್ (ಸರಕಿನ ಬಗೆ ಗುರುತಿಸುವ ಸಂಖ್ಯೆ) ಎಲ್ಲ ಬೇರೆ ಶೀಟಿನಲ್ಲಿವೆ, ಬಿಲ್ಲು ಅಲ್ಲಿಂದಲೇ ಎತ್ತಿಕೊಳ್ಳುತ್ತದೆ, ಹಾಗಾಗಿ ತಿದ್ದುವ ಜಾಗ ಒಂದೇ. ತಿದ್ದುವವರೂ ಒಬ್ಬರೇ ಇರಲಿ. ಅಡಿಯಲ್ಲಿ ತಿದ್ದಿದ ತಾರೀಕು ಹಾಕಿ. ಡೆಸ್ಕ್‌ಟಾಪಿನಲ್ಲಿ ಸುಮ್ನೆ ಬಿದ್ದಿರುವ ಹಳೇ ಖಾಲಿ ಫಾರ್ಮ್‌ಗಳನ್ನು ಇವತ್ತೇ ಅಳಿಸಿ. ಕಳಿಸಿದ ಬಿಲ್ಲುಗಳನ್ನು ಮಾತ್ರ ಮುಟ್ಟಬೇಡಿ, ಅವು ಲೆಕ್ಕಕ್ಕೆ ಬೇಕು.