ಶಿರಸಿ ಕಡೆಯ ನಮ್ಮ ಹಳೆಯ ಹಂಚಿನ ಮನೆ ಬೆಂಕಿಗೆ ಸಿಕ್ಕಿದೆ. ಗೋಡೆ, ತೊಲೆ ಉಳಿಸಿಕೊಂಡು ಮತ್ತೆ ಕಟ್ಟಬಹುದೇ?

ಬಹಳಷ್ಟು ಸಲ ಉಳಿಸಬಹುದು. ಆದರೆ ಅವಶೇಷ ತೆಗೆಯುವ ಮೊದಲೇ ಫೋಟೋ ತೆಗೆದು, ಗ್ರಾಮ ಆಡಳಿತ ಅಧಿಕಾರಿಯಿಂದ ಪಂಚನಾಮೆ ಮಾಡಿಸಿ, ಅಗ್ನಿಶಾಮಕ ಠಾಣೆಯ ವರದಿ ಪಡೆಯಿರಿ. ಪರಿಹಾರಕ್ಕೂ ವಿಮೆಗೂ ಅವೇ ಆಧಾರ.

ಗೋಡೆಯ ಚಿರೇಕಲ್ಲಿಗಿಂತ (ಕೆಂಪು ಜಂಬಿಟ್ಟಿಗೆ ಕಲ್ಲು) ಅದರ ನಡುವಿನ ಗಾರೆಯನ್ನು ಅನುಮಾನಿಸಿ. ಅದು ಉದುರುತ್ತಿದೆಯೇ, ತೂಕದ ಗುಂಡು ಇಳಿಬಿಟ್ಟರೆ ಗೋಡೆ ನೇರವಾಗಿದೆಯೇ ನೋಡಿ. ಮರದ ವಿಷಯದಲ್ಲಿ ಅವಸರ ಬೇಡ. ದಪ್ಪ ತೊಲೆ ಹೊರಗೆ ಇದ್ದಿಲಾದರೂ ಆ ಕರಿಯ ಪದರವೇ ಒಳಗಿನ ತಿರುಳನ್ನು ಕಾದಿರುತ್ತದೆ. ಸುಡುವಿಕೆ ಸಾಮಾನ್ಯವಾಗಿ ನಿಮಿಷಕ್ಕೆ ಒಂದು ಮಿಲಿಮೀಟರ್ ಕೂಡ ಒಳಸರಿಯುವುದಿಲ್ಲ. ಬಾಚಿಯಿಂದ ಕೆತ್ತಿಸಿ, ಉಳಿದ ದಪ್ಪ ಭಾರ ಹೊರುತ್ತದೆಯೇ ಎಂದು ಅನುಭವಿ ಬಡಗಿಗೆ ತೋರಿಸಿ. ಹಂಚು ಹೊರುವ ತೆಳು ಮರಗಳಾದ ಪಕಾಸು, ರೀಪುಗಳ ಆಸೆ ಬಿಡಿ. ಆಮೇಲೆ ಸೇರಿಸಿದ ಕಾಂಕ್ರೀಟ್ ಭಾಗವೇನಾದರೂ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು. ಎಂಜಿನಿಯರ್ ನೋಡದೆ ಅದರ ಮೇಲೆ ಏನನ್ನೂ ಕಟ್ಟಬೇಡಿ.

ಹೊಸ ಮರಕ್ಕೆ ಸೊಪ್ಪಿನ ಬೆಟ್ಟದತ್ತ (ಅಡಿಕೆ ತೋಟದವರಿಗೆ ಸೊಪ್ಪು ತರಲು ಬಿಟ್ಟ ಕಾಡು) ಕಣ್ಣು ಹಾಯಿಸುವವರಿದ್ದಾರೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕೊಡಲಿ ಎತ್ತಿದರೆ ಮನೆಗಿಂತ ಮೊದಲು ಮೊಕದ್ದಮೆ ಎದ್ದೀತು. ಜೂನ್ ಮಳೆಯೊಳಗೆ ಮನೆಯ ಮಾಡು (ಚಾವಣಿ) ಆಗದಿದ್ದರೆ ಗೋಡೆಯ ನೆತ್ತಿಗಾದರೂ ತಗಡು ಹೊದಿಸಿ.