ಬಸುರಿಗೆ ಹೊಳೆಯ ಮರುವಾಯಿ ಬಿಡಿಸಿ ಕಡಲ ಮೀನು ಕೊಟ್ಟರೆ ಸಾಕೇ?

ಚಂದ್ರಗಿರಿ ಹೊಳೆಯ ಮರುವಾಯಿಯಲ್ಲಿ (ಚಿಪ್ಪಿನೊಳಗಿನ ಮೃದು ಜೀವಿ) ಭಾರಲೋಹ ಇರಬಹುದೆಂಬ ಭಯ, ಮನೆಯಲ್ಲಿ ಬಸುರಿ ಹೆಂಡತಿ, ಇನ್ನು ಮೇಲೆ ಕಡಲ ಮೀನು ಮಾತ್ರ ತರೋಣವೇ ಎಂದು ನೀವು ಕೇಳಿದ್ದೀರಿ. ಕುಂಬಳೆಯ ನಮ್ಮ ಮನೆಯಲ್ಲೂ ಇದೆಲ್ಲ ನಡೆದುಹೋಗಿದೆ.

ಮೊಗ್ರಾಲ್ ಹೊಳೆಯಲ್ಲಿ ಇಳಿತದ ಹೊತ್ತಿಗೆ ಮರುವಾಯಿ ಹೆಕ್ಕಿ ಮನೆಮನೆಗೆ ಮಾರುವ ಅಕ್ಕನೊಬ್ಬರಿದ್ದಾರೆ. ಅವರಿಂದಲೇ ಕೊಂಡು ಮಂಗಳೂರಿನ ಒಂದು ಖಾಸಗಿ ಪ್ರಯೋಗಾಲಯಕ್ಕೆ ಕೊಟ್ಟೆ. ವರದಿಯಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ ಕಿಲೋಗೆ 2 ಮಿಲಿಗ್ರಾಂ ದಾಟಿತ್ತು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಸಂಹಿತೆ ಕಡಲಿನ ಇಂಥ ಚಿಪ್ಪುಜೀವಿಗಳಿಗೆ ಇಟ್ಟಿರುವ ಮಿತಿಯೂ 2. ಫೋಟೊ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಟ್ಟೆ.

ಕೋಷ್ಟಕದ ಅಡಿಯಲ್ಲಿ ‘ಒಣ ತೂಕ’ ಎಂದು ಸಣ್ಣಕ್ಷರದಲ್ಲಿ ಇತ್ತು. ನಾನು ಓದಲಿಲ್ಲ, ಓದಿದ್ದರೂ ಆಗ ಅರ್ಥವಾಗುತ್ತಿರಲಿಲ್ಲ. ಮರುವಾಯಿಯ ಮಾಂಸದಲ್ಲಿ ಸುಮಾರು ಶೇಕಡ 80 ನೀರು. ಪ್ರಯೋಗಾಲಯದವರು ನೀರೆಲ್ಲ ಆರಿಸಿ, ಪುಡಿ ಮಾಡಿ ಅಳೆದಿದ್ದರು. ಐದು ಕಿಲೋ ಹಸಿ ಮಾಂಸದ ಲೋಹ ಒಂದು ಕಿಲೋ ಪುಡಿಯಲ್ಲಿ ಕೂತಿರುತ್ತದೆ. ಒಣ ತೂಕದಲ್ಲಿ 4 ಎಂದು ಬಂದರೆ ಹಸಿಯಲ್ಲಿ ಅದು 0.8 ಮಾತ್ರ. ಮಿತಿಯ ಆ 2 ಇರುವುದು ಹಸಿ ತೂಕಕ್ಕೆ, ಅಂದರೆ ನಾವು ತಟ್ಟೆಯಲ್ಲಿ ತಿನ್ನುವ ಮಾಂಸಕ್ಕೆ. ನಾನು ಒಣಗಿದ ಪುಡಿಯ ಅಂಕಿಯನ್ನು ಹಸಿ ಮಾಂಸದ ಮಿತಿಯ ಪಕ್ಕದಲ್ಲಿಟ್ಟು ಊರನ್ನೇ ಹೆದರಿಸಿದೆ. ಮೀನುಗಾರಿಕೆ ಓದಿದ ಸಂಬಂಧಿಕನೊಬ್ಬ ಹೇಳಿದ ಮೇಲೆ ತಿದ್ದುಪಡಿ ಕಳುಹಿಸಿದೆ. ಅದನ್ನು ಯಾರೂ ಮುಂದಕ್ಕೆ ಕಳುಹಿಸಲಿಲ್ಲ. ಆ ಬೇಸಗೆಯಿಡೀ ಅಕ್ಕನ ಬುಟ್ಟಿ ತುಂಬಿದಂತೆಯೇ ಮನೆಗೆ ಮರಳುತ್ತಿತ್ತು. ಈಗ ಅವರು ನಮ್ಮ ಗೇಟಿನ ಮುಂದೆ ಕೂಗುವುದೂ ಇಲ್ಲ.

ಅದೇ ಹೊತ್ತಿಗೆ, ಹೊಳೆಯದು ಬೇಡವೆಂದು ಅಮ್ಮ ನನ್ನ ಹೆಂಡತಿಗೆ ತಾಟೆ ಮೀನು ತರಿಸುತ್ತಿದ್ದರು. ತಾಟೆ ತಿಂದರೆ ಎದೆಹಾಲು ಹೆಚ್ಚುತ್ತದೆ ಎಂಬ ನಂಬಿಕೆ ನಿಮ್ಮ ಮನೆಯಲ್ಲೂ ಇರಬಹುದು. ತಾಟೆಯೆಂದರೆ ಶಾರ್ಕ್. ಮೀನನ್ನು ತಿನ್ನುವ ಮೀನು. ಬೇಟೆಯ ಮೈಯಲ್ಲಿದ್ದ ಪಾದರಸವೆಲ್ಲ ಅದರ ಮೈಯಲ್ಲಿ ಕೂಡಿಕೊಳ್ಳುತ್ತದೆ. ಮೀನಿನಲ್ಲಿ ಹೆಚ್ಚಾಗಿ ಮೀಥೈಲ್ ಪಾದರಸ ಎಂಬ ರೂಪದಲ್ಲಿರುವ ಅದು ಗರ್ಭಕೋಶದ ಮಾಸು ದಾಟಿ ಮಗುವಿನ ಮಿದುಳಿಗೆ ಹೋಗುತ್ತದೆ. ಕಾರ್ಖಾನೆಯ ಪಾದರಸದಿಂದಾಗಿ 1956ರಲ್ಲಿ ಬೆಳಕಿಗೆ ಬಂದ ಜಪಾನಿನ ಮಿನಮಾಟ ದುರಂತದಲ್ಲಿ ಜನರ ಮೈಗೆ ವಿಷ ಬಂದದ್ದು ಕಡಲ ಕೊಲ್ಲಿಯ ಮೀನು, ಚಿಪ್ಪುಗಳಿಂದಲೇ. ಅಲ್ಲಿ ಹೆಚ್ಚೇನೂ ಲಕ್ಷಣವಿಲ್ಲದ ತಾಯಂದಿರಿಗೂ ತೀವ್ರವಾಗಿ ಬಾಧಿತ ಮಕ್ಕಳು ಹುಟ್ಟಿದರು.

ಹಾಗಾಗಿ ಹೊಳೆಯೋ ಕಡಲೋ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಯಾವ ಜೀವಿ, ಅದರ ಯಾವ ಭಾಗ ಎಂದು ಕೇಳಿ. ಬೂತಾಯಿ, ಬಂಗುಡೆಯಂಥ ಸಣ್ಣ ಮೀನು ಧಾರಾಳವಾಗಿ ತರಬಹುದು. ತಾಟೆ ಬೇಡವೇ ಬೇಡ, ಅತ್ತೆ ಏನೇ ಹೇಳಲಿ. ಏಡಿ ತಂದರೆ ಚಿಪ್ಪಿನೊಳಗಿನ ಕಂದು ಭಾಗವನ್ನು ತೆಗೆದುಹಾಕಿ, ಕ್ಯಾಡ್ಮಿಯಂ ಹೆಚ್ಚು ಸೇರುವುದು ಅಲ್ಲೇ. ಮರುವಾಯಿ ನೀರನ್ನು ಸೋಸಿ ತಿನ್ನುವ ಜೀವಿಯಾದ್ದರಿಂದ ಚರಂಡಿ ಸೇರುವ ಕಡೆಯದು, ದೋಣಿಗಳಿಗೆ ಬಣ್ಣ ಬಳಿಯುವ ಕಡೆಯದು ಬೇಡ. ಬೇರೆ ಕಡೆಯದನ್ನು ಅಪರೂಪಕ್ಕೆ ತಿಂದರೆ ನಾನಂತೂ ಹೆದರುವುದಿಲ್ಲ. ರಾತ್ರಿಯಿಡೀ ನೀರಿನಲ್ಲಿಟ್ಟರೆ ಮರಳು ಉಗುಳುತ್ತದೆ, ಲೋಹವನ್ನಲ್ಲ. ಬೇಯಿಸಿದರೂ ಅದು ನಾಶವಾಗುವುದಿಲ್ಲ.

ಪರೀಕ್ಷೆ ಮಾಡಿಸಲೇಬೇಕೆಂದಿದ್ದರೆ ಹಸಿ ತೂಕದ ಲೆಕ್ಕವನ್ನೇ ಬರೆಸಿಕೊಳ್ಳಿ. ಆರ್ಸೆನಿಕ್‌ನ ಒಟ್ಟು ಅಂಕಿ ನೋಡಿ ಗಾಬರಿಯಾಗಬೇಡಿ; ಕಡಲ ಜೀವಿಗಳಲ್ಲಿ ಬಹುಪಾಲು ಅಷ್ಟು ಹಾನಿಯಿಲ್ಲದ ಸಾವಯವ ರೂಪದ್ದು, ವಿಷವಾದ ನಿರವಯವ ಭಾಗವನ್ನು ಬೇರೆಯಾಗಿ ಅಳೆಸಬೇಕು. ತಾಮ್ರ ಹೆಚ್ಚು ಕಂಡರೆ ನಮ್ಮ ಅಡಿಕೆ ತೋಟಗಳ ಬೋರ್ಡೋ ದ್ರಾವಣವೂ ನೆನಪಿರಲಿ. ಅದರಲ್ಲಿರುವ ಮೈಲುತುತ್ತು, ಅಂದರೆ ತಾಮ್ರದ ಲವಣ, ಮಳೆನೀರಿನೊಂದಿಗೆ ಹೋಗುವುದು ಹೊಳೆಗೇ ತಾನೇ?

ಇನ್ನೊಂದು ಮಾತು, ಬೇಸರ ಮಾಡಬೇಡಿ: ನೀವು ಬೀಡಿ, ಸಿಗರೇಟು ಸೇದುವವರಾದರೆ ಮೊದಲು ಅದನ್ನು ಬಿಡಿ. ತಂಬಾಕಿನಲ್ಲಿ ಕ್ಯಾಡ್ಮಿಯಂ ಇದೆ, ಮೂತ್ರಪಿಂಡಕ್ಕೆ ಸೇರಿದ್ದು ದಶಕಗಳ ಕಾಲ ಅಲ್ಲೇ ಉಳಿಯುತ್ತದೆ. ದೇಹದಲ್ಲಿ ಕಬ್ಬಿಣ ಕಡಿಮೆಯಿದ್ದರೆ ಕರುಳು ಕ್ಯಾಡ್ಮಿಯಂ ಅನ್ನು ಹೆಚ್ಚು ಹೀರುತ್ತದೆ. ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ನಿಮ್ಮ ಹೆಂಡತಿ ನುಂಗುತ್ತಿದ್ದಾರೋ ಇಲ್ಲವೋ ಇವತ್ತೇ ವಿಚಾರಿಸಿ.